ಇಪ್ಪತ್ತಾರು ದಿನ

೧೯೧೫ ಅಕ್ಟೋಬರ್ ೪, ಸೋಮವಾರ

ಇಂದು ಪಾಠದ ನಡುವೆ ಕ್ಯಾಪ್ಟನ್ ಸಾಹೇಬರು ಪುಸ್ತಕ ಮುಚ್ಚಿ, ನಮ್ಮ ಸೈನ್ಯ ಕುತ್ ಎಂಬ ಊರನ್ನು ಗೆದ್ದಿತೆಂದು ಹೇಳಿದರು. ಬಸ್ರಾದಿಂದ ಮೇಲಕ್ಕೆ, ಟೈಗ್ರಿಸ್ ನದಿಯ ದಂಡೆಯ ಊರಂತೆ. ಗೆದ್ದವರು ನಮ್ಮ ಪುಣೆ ಡಿವಿಜನ್ನಿನವರೇ. "ನಿಮ್ಮ ಮಗನು ಅಲ್ಲಿ ಇರುವನು, ಆಚಾರ್ಯರೇ. ಇದು ನಿಮಗೂ ಜಯವು," ಎಂದರು. ಪರೀಕ್ಷೆಗಾಗಿ ಕನ್ನಡ ಕಲಿಯುತ್ತಿರುವುದರಿಂದ ಅವರ ಮಾತೆಲ್ಲ ಪುಸ್ತಕದ್ದು. ಆ ಸಂತೋಷದಲ್ಲಿ ಗೆಲ್ಲು ಎಂಬ ಧಾತುವಿನ ಮೂರು ಕಾಲಗಳ ರೂಪ ಬರೆಯಿಸಿದೆ. ಗೆದ್ದೆವು, ಗೆಲ್ಲುತ್ತೇವೆ, ಗೆಲ್ಲುವೆವು. ಒಂದೂ ತಪ್ಪಲಿಲ್ಲ.

ಪುಣೆಯ ಲಷ್ಕರದಿಂದ ಮನೆಗೆ ಬಂದು, ಸ್ನಾನ ಮಾಡಿ, ಪೇಢೆ ತರಿಸಿ ವಾಡೆಯ ಎಲ್ಲ ಮನೆಗೂ ಹಂಚಿದೆ. ಸಾಹೇಬರ ಬಂಗಲೆಯಿಂದ ಬಂದವನು ಸ್ನಾನ ಮಾಡದೆ ಏನನ್ನೂ ಮುಟ್ಟುವುದಿಲ್ಲವೆಂದು ಎಲ್ಲರಿಗೂ ಗೊತ್ತಿರುವುದರಿಂದ, ಪೇಢೆಯನ್ನು ಯಾರೂ ಬೇಡವೆನ್ನಲಿಲ್ಲ. ಎದುರುಮನೆಯ ಮಾರ್ತಾಂಡರಾಯ ಮಾತ್ರ, "ಆ ಊರವರು ನಿನಗ ಏನ ಮಾಡಿದ್ದರೋ ಪ್ರಲ್ಹಾದಾ?" ಎಂದು ಕೇಳಿದ. ಧಾರವಾಡದ ಸಾಲೆಯಲ್ಲಿ ನನ್ನ ಜೊತೆ ಕಲಿತವನು, ಪೋಸ್ಟಿನಲ್ಲಿದ್ದು ಈಗ ಪೆನ್ಶನ್ ಉಣ್ಣುತ್ತಾನೆ, ಆದರೂ ಸರ್ಕಾರವೆಂದರೆ ಆಗದು. ತುರ್ಕರು ಜರ್ಮನರ ಜೊತೆ ಸೇರಿದ್ದೇ ಸಾಕಷ್ಟು ಅಪರಾಧವೆಂದು ನಾನು ಹೇಳಿದೆ. ಅವನು ಪೇಢೆ ಬಾಯಿಗೆ ಹಾಕಿಕೊಂಡ.

ಇವಳು, ಗಂಗೂಬಾಯಿ, ದೇವರ ಮುಂದೆ ತುಪ್ಪದ ದೀಪ ಹಚ್ಚಿ ಬಂದು, "ಊರಿನ ಹೆಸರಽ ಕುತ್ತು ಅಂತ ಅದ ಏನ್ರಿ?" ಎಂದಳು. ಅದು ಅರಬ್ಬೀ ಶಬ್ದ, ಅದಕ್ಕೆ ಕನ್ನಡದ ಅರ್ಥ ಹಚ್ಚಬಾರದು ಎಂದು ತಿಳಿಸಿ ಹೇಳಿದೆ.

ಮಗ ಪಂಢರಿಯನ್ನು ಸೈನ್ಯದ ರೇಶನ್ ಖಾತೆಯಲ್ಲಿ ಕಾರಕೂನನಾಗಿ ಸೇರಿಸಿದವನು ನಾನೇ. ಸಾಹೇಬರಿಗೆ ಹೇಳಿ, ಅರ್ಜಿಯನ್ನೂ ನಾನೇ ಬರೆದು ಕೊಟ್ಟೆ. ಹೋದ ವರ್ಷ ದೀಪಾವಳಿ ಮುಗಿಸಿ ಹೊರಟ. ಸಮುದ್ರ ದಾಟಿದ್ದಕ್ಕೆ ಬಂದ ಮೇಲೆ ಪ್ರಾಯಶ್ಚಿತ್ತ ಮಾಡಿಸಬಹುದು. ಆದರೆ ಏನೇ ಆದರೂ ಮಾಂಸ ಮುಟ್ಟಬಾರದೆಂದು ಅವನ ಕೈಗೆ ನೀರು ಹಾಕಿ ಮಾತು ತೆಗೆದುಕೊಂಡಿದ್ದೆ. ಮಾತಿಗೆ ತಪ್ಪುವವನಲ್ಲ.

೧೯೧೫ ನವೆಂಬರ್ ೨, ಮಂಗಳವಾರ

ಪಂಢರಿಯ ಪತ್ರ ಬಂತು. ಎರಡು ಸಲ ಗಟ್ಟಿಯಾಗಿ ಓದಿದೆ. ಸೊಸೆ ನರ್ಮದಾ ಬಾಗಿಲ ಹಿಂದೆ ನಿಂತು ಕೇಳಿದಳು.

"ಇಲ್ಲಿ ನಾನು ಕ್ಷೇಮ. ಅಕ್ಕಿ, ಬೇಳೆ, ತುಪ್ಪ ನನ್ನ ಕೈಯಿಂದಲೇ ಎಲ್ಲರಿಗೂ ಹೋಗುವುದರಿಂದ ನನಗೆ ಕೊರತೆಯಿಲ್ಲ. ಒಲೆ ಬೇರೆ ಹೂಡಿಕೊಂಡಿದ್ದೇನೆ, ಅಪ್ಪನವರು ಚಿಂತೆ ಮಾಡಬಾರದು. ಬಿಸಿಲು ಮಾತ್ರ ನಮ್ಮ ಬಿಜಾಪುರದ ಬಿಸಿಲಿಗೆ ಬುದ್ಧಿ ಹೇಳುವಂಥಾದ್ದು. ಮುಂದಿನ ಪತ್ರವನ್ನು ಬಗದಾದಿನಿಂದ ಬರೆಯುವೆನೆಂದು ಎಲ್ಲರೂ ಹೇಳುತ್ತಾರೆ. ಇಂದೂಗೆ ಹಲ್ಲು ಬಂದವೆ?"

ಮಗಳು ಹುಟ್ಟಿ ಒಂಬತ್ತು ತಿಂಗಳಾಯಿತು. ಅವನಿನ್ನೂ ಅವಳ ಮುಖ ಕಂಡಿಲ್ಲ. ಕೆಳಗೆ ಎರಡು ಹಲ್ಲು ಬಂದಿವೆಯೆಂದು ಇವತ್ತೇ ಉತ್ತರ ಬರೆದೆ. ಬಗದಾದ ನಮ್ಮ ಕೈಗೆ ಬಂದರೆ ವರ್ಷಾರಂಭಕ್ಕೆ ಯುದ್ಧ ಮುಗಿದಂತೆಯೇ.

೧೯೧೫ ಡಿಸೆಂಬರ್ ೯, ಗುರುವಾರ

ಬಗದಾದಿನ ಹತ್ತಿರ ದೊಡ್ಡ ಕಾಳಗವಾಗಿ ನಮ್ಮವರೇ ಗೆದ್ದರೆಂದು ಮೊದಲು ಸುದ್ದಿ. ಈಗ ಹಿಂದೆ ಸರಿದು ಕುತ್ ಊರಿಗೆ ಬಂದಿದ್ದಾರೆಂದು ಸುದ್ದಿ. ಗೆದ್ದವರು ಹಿಂದೆ ಸರಿಯುವುದೇಕೆ ಎಂದು ಮಾರ್ತಾಂಡ ಕೇಳಿದ. ಸೇನಾಪತಿಗಳ ಲೆಕ್ಕಾಚಾರ ನಮಗೆ ತಿಳಿಯುವಂಥಾದ್ದಲ್ಲವೆಂದೆ. ಸಾಹೇಬರು ಇಂದು ಪಾಠ ಬೇಡವೆಂದು ಹೇಳಿ ಕಳಿಸಿದರು.

೧೯೧೬ ಜನವರಿ ೧೪, ಶುಕ್ರವಾರ

ಸಂಕ್ರಾಂತಿ. ಎಳ್ಳು-ಬೆಲ್ಲ ಕೊಡಲು ಬಂದವರೆಲ್ಲ ಪಂಢರಿಯ ಮಾತು ಕೇಳಿ ಹೋದರು. ಅವನು ಕುತ್ತಿನೊಳಗೇ ಇದ್ದಾನೆ. ತುರ್ಕರು ಸುತ್ತಲೂ ಮುತ್ತಿಗೆ ಹಾಕಿದ್ದಾರೆ, ಮೂರು ಕಡೆ ನದಿ. ಪತ್ರ ಒಳಗೂ ಹೋಗುವುದಿಲ್ಲ, ಹೊರಗೂ ಬರುವುದಿಲ್ಲ.

ಬಿಡಿಸಲು ಹೋದ ದೊಡ್ಡ ದಂಡು ಕೇವಲ ಏಳೆಂಟು ಹರದಾರಿ ದೂರದಲ್ಲಿದೆ ಎಂದು ಸಾಹೇಬರು ನಕಾಶೆಯಲ್ಲಿ ಬೆರಳಿಟ್ಟು ತೋರಿಸಿದರು. ಇಲ್ಲಿಂದ ಚಾಕಣದಷ್ಟು ದೂರವೆಂದು ಮನೆಯಲ್ಲಿ ಹೇಳಿದೆ. ಅಷ್ಟೇ ದೂರವಾದರೆ ನಡೆದು ಹೋಗಬಾರದೇ ಎಂದು ಇವಳು ಕೇಳಿದಳು. ಒಂದು ವಾರದೊಳಗೆ ಮುಟ್ಟುತ್ತಾರೆಂದೆ.

೧೯೧೬ ಫೆಬ್ರುವರಿ ೨೦, ಭಾನುವಾರ

ಪತ್ರವಿಲ್ಲ. ಮುಟ್ಟಿಲ್ಲ. ಮಳೆ ಬಂದು ನದಿ ಉಕ್ಕಿದೆಯಂತೆ.

೧೯೧೬ ಮಾರ್ಚ್ ೧೧, ಶನಿವಾರ

ಇಂದು ಪಾಠ ಮುಗಿದ ಮೇಲೆ ಸಾಹೇಬರು ಬಾಗಿಲು ಮುಂದೆ ಮಾಡಿ ಬಂದು ಕುಳಿತರು.

"ಆಚಾರ್ಯರೇ, ಕುತ್ತಿನಲ್ಲಿ ಆಹಾರವು ಮುಗಿಯುತ್ತಾ ಇದೆ. ಗೋರಾ ಸಿಪಾಯಿಗಳು ಕುದುರೆಗಳನ್ನು ತಿನ್ನುತ್ತಾರೆ. ಹಿಂದೂಸ್ಥಾನದ ಸಿಪಾಯಿಗಳು ತಿನ್ನುವುದಿಲ್ಲ. ಊರಿಗೆ ಹೋದ ಮೇಲೆ ಜಾತಿಯವರು ಹೊರಗೆ ಹಾಕುವರು ಎಂದು ಹೆದರುತ್ತಾರೆ. ಅವರು ಬಹಳ ಕೃಶರಾಗಿದ್ದಾರೆ."

ಬೇರೆ ಬೇರೆ ಊರುಗಳ ಶಾಸ್ತ್ರಿಗಳಿಂದ, ಮೌಲವಿಗಳಿಂದ ಒಪ್ಪಿಗೆಯ ಪತ್ರ ಕೇಳುತ್ತಿದ್ದಾರಂತೆ. ಆಪತ್ತಿನಲ್ಲಿ ಅದನ್ನು ತಿಂದರೆ ದೋಷವಿಲ್ಲವೆಂದು ನಾಲ್ಕು ಸಾಲು ಬರೆದು ಸಹಿ ಮಾಡಬೇಕು. ಅದನ್ನು ನಿಸ್ತಂತಿನಿಂದ ಒಳಗೆ ತಿಳಿಸುತ್ತಾರೆ. ಪುಣೆಯಲ್ಲಿ ಕನ್ನಡದವರು, ಮರಾಠಿಯವರು ಇಬ್ಬರೂ ಬಲ್ಲ ವೈದಿಕನೆಂದು ನನ್ನ ಹೆಸರನ್ನು ಅವರೇ ಸೂಚಿಸಿದರಂತೆ.

ವಿಚಾರಕ್ಕೆ ಸಮಯ ಬೇಕೆಂದೆ. "ಎಷ್ಟು?" ಎಂದರು. ನಮಸ್ಕಾರ ಮಾಡಿ ಹೊರಟು ಬಂದೆ.

ಆಪತ್ತಿನ ಕಾಲದ ಧರ್ಮ ಬೇರೆಯೆಂಬುದು ನನಗೆ ತಿಳಿಯದ ಮಾತಲ್ಲ. ನಲವತ್ತು ವರ್ಷ ಹೇಳಿದ ಪಾಠ. ಆದರೆ ಈಗ ಆಪತ್ತು ಬಂದಿದೆಯೆಂದು ನಿರ್ಣಯಿಸುವವರು ಯಾರು? ದಂಡು ಇನ್ನೇನು ಮುಟ್ಟುತ್ತದೆ. ಇಂದು ಬರೆದು ಕೊಟ್ಟು, ನಾಳೆ ಮುತ್ತಿಗೆ ತೆರವಾದರೆ, ಸುಮ್ಮನೆ ಸಾವಿರಾರು ಜನರನ್ನು ಕೆಡಿಸಿದ ಪಾಪ ನನ್ನದಾಗುತ್ತದೆ.

೧೯೧೬ ಮಾರ್ಚ್ ೧೪, ಮಂಗಳವಾರ

ಮಾರ್ತಾಂಡನಿಗೆ ಹೇಳಿದೆ. ಅವನು ಸಿಟ್ಟಾದ. "ಹುಡುಗರನ್ನ ಕೊಟ್ಟಿ, ಈಗ ಶಾಸ್ತ್ರಾನೂ ಅವರಿಗೇ ಕೊಡತಿಯೇನು? ಹಸಿವ್ಯಾಗ್ಯಾದ ಅಂದ್ರ ಕರಕೊಂಡು ಬರಲಿ. ಅವರ ಯುದ್ಧ ಅವರು ಮಾಡಲಿ. ಮಠದವರಿಗೆ ಗೊತ್ತಾದರ ನಾಳೆ ನಿನ್ನ ಮನಿಗೆ ಯಾರೂ ನೀರು ಕುಡ್ಯಾಕ ಬರಂಗಿಲ್ಲ."

ಅವನ ರಾಜಕಾರಣ ನನಗೆ ಒಪ್ಪಿಗೆಯಿಲ್ಲ. ಆದರೆ ಮಠದ ಮಾತು ನಿಜ. ಸರ್ಕಾರದ ಮೇಲೆ ನಂಬಿಕೆಯಿಟ್ಟು ಇನ್ನು ಎಂಟು ದಿನ ತಾಳಿದರೆ ಯಾವ ಪ್ರಶ್ನೆಯೂ ಏಳುವುದಿಲ್ಲ.

೧೯೧೬ ಮಾರ್ಚ್ ೨೩, ಗುರುವಾರ

ಹೊಸ ದಂಡು ಇಳಿದಿದೆ, ಹೊಸ ತೋಪುಗಳು ಬಂದಿವೆ ಎಂದು ಪತ್ರಿಕೆಯಲ್ಲಿದೆ. ಸಾಹೇಬರು ಕೇಳಿದರು. ಬರುವ ವಾರದೊಳಗೆ ನಮ್ಮವರು ಖಂಡಿತ ಮುಟ್ಟುತ್ತಾರೆ, ಆಗ ನನ್ನ ಪತ್ರಕ್ಕೆ ಕೆಲಸವಿರುವುದಿಲ್ಲ ಎಂದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಪುಸ್ತಕ ತೆರೆದರು.

ಊಟಕ್ಕೆ ಕುಳಿತಾಗ ಪಂಢರಿ ಎದುರಿನ ಮಣೆಯ ಮೇಲೆ ಕುಳಿತಂತಾಯಿತು. ಅರ್ಧಕ್ಕೆ ಎದ್ದೆ. ಪಿತ್ತವಾಗಿದೆಯೆಂದು ಇವಳು ಜೀರಿಗೆ ಕಷಾಯ ಕೊಟ್ಟಳು.

೧೯೧೬ ಏಪ್ರಿಲ್ ೩, ಸೋಮವಾರ

ಯುಗಾದಿ. ಎಲ್ಲರ ಮನೆಯ ಮುಂದೆ ಬಿದಿರುಕೋಲಿನ ಗುಡಿ ಕಟ್ಟಿದ್ದಾರೆ. ನಾವೂ ಕಟ್ಟಿದೆವು. ಹೋಳಿಗೆ ಮಾಡುವುದು ಬೇಡವೆಂದಿದ್ದೆ. ಇವಳು ದೇವರಿಗೆಂದು ಐದೇ ಮಾಡಿದಳು.

ಬಡಿಸುತ್ತಿದ್ದ ನರ್ಮದಾ ಒಂದು ಹೋಳಿಗೆ ನನ್ನ ಎಲೆಗೆ ಹಾಕಿ ಹಿಂದೆ ಸರಿಯಲಿಲ್ಲ. ಈ ಮನೆಗೆ ಬಂದು ನಾಲ್ಕು ವರ್ಷವಾಯಿತು, ನನ್ನ ಎದುರು ನಿಂತು ಮಾತಾಡಿದವಳಲ್ಲ.

"ಮಾವನವರ, ಒಂದು ಕೇಳಲಿ?"

ಕೇಳೆಂದೆ.

"ಮಾರ್ತಾಂಡ ಕಾಕಾರ ಮನ್ಯಾಗ ಮಾತು ಕೇಳಿದೆ. ನೀವು ಬರದು ಕೊಟ್ಟರ ಅಲ್ಲಿ ಮಂದಿ ಉಣತಾರಂತ. ಬ್ಯಾರೇದವರು ಉಣಲಿ ಬಿಡಲಿ. ಇವರು ಮಾತ್ರ ನಿಮ್ಮ ಮಾತು ಬರೂ ತನಕ ಉಣಂಗಿಲ್ಲ. ಅದು ನಿಮಗೂ ಗೊತ್ತದ."

ಇವಳು ಒಳಗಿನಿಂದ, "ನರ್ಮದಾ," ಎಂದು ಗದರಿಸಿದಳು. ಅವಳು ಕದಲಲಿಲ್ಲ.

"ಜಾತಿ ಹೋದರ ನಾವು ನಾಕು ಮಂದಿ ಹೊರಗ ಇರೋಣು. ಅವರೊಬ್ಬರು ಬರಲಿ."

ಕೈ ತೊಳೆದು ಎದ್ದೆ. ಇವಳು ಗದರಿಸಿದ್ದು ಒಂದೇ ಸಲ, ಎರಡನೆಯ ಸಲ ಗದರಿಸಲಿಲ್ಲವೆಂಬುದು ಈಗ ಬರೆಯುವಾಗ ಹೊಳೆಯುತ್ತಿದೆ.

೧೯೧೬ ಏಪ್ರಿಲ್ ೬, ಗುರುವಾರ

ಪ್ರತಿ ಗುರುವಾರ ಸಾಹೇಬರು ತಮಗೆ ಬೇಕಾದ ವಿಷಯದ ಮೇಲೆ ಹತ್ತು ಸಾಲು ಬರೆದು ತೋರಿಸುತ್ತಾರೆ. ಹೋದ ವಾರ ಮಾವಿನಹಣ್ಣಿನ ಮೇಲೆ ಬರೆದಿದ್ದರು. ಇಂದು ಕಾಪಿ ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಕಿಟಕಿಯ ಹತ್ತಿರ ಹೋಗಿ ನಿಂತರು. ಬರೆದದ್ದು ಇಷ್ಟೇ:

"ನನ್ನ ತಮ್ಮನು ಕುತ್ತಿನಲ್ಲಿ ಇರುವನು. ಅವನು ತನ್ನ ಕುದುರೆಯನ್ನು ತಿಂದನು. ನಮ್ಮ ಸೈನ್ಯವು ಅಲ್ಲಿಗೆ ಮುಟ್ಟಲಾರದು. ಇದನ್ನು ನಾನು ಇಂಗ್ಲಿಷಿನಲ್ಲಿ ಯಾರಿಗೂ ಹೇಳಕೂಡದು. ಆದ್ದರಿಂದ ಕನ್ನಡದಲ್ಲಿ ಬರೆದಿದ್ದೇನೆ."

ಕೆಂಪು ಶಾಯಿಯ ಲೇಖನಿ ಹಿಡಿದು ಓದಿದೆ. ತಿದ್ದುವಂಥ ತಪ್ಪು ಒಂದೂ ಇರಲಿಲ್ಲ. ಆ ಪುಟವನ್ನು ಹರಿದು ಅವರ ಕೈಗೆ ಕೊಟ್ಟೆ. ಅವರು ಬೆಂಕಿಪೆಟ್ಟಿಗೆ ತೆಗೆದು ಸುಟ್ಟರು. ಆಮೇಲೆ ನಾನು ಬಿಳಿ ಹಾಳೆ ಕೇಳಿದೆ.

ಸಂಸ್ಕೃತದಲ್ಲಿ, ಕನ್ನಡದಲ್ಲಿ, ಮರಾಠಿಯಲ್ಲಿ ಬರೆದೆ. ಪ್ರಾಣಕ್ಕೆ ಅಪಾಯ ಬಂದಾಗ ಸಿಕ್ಕಿದ್ದನ್ನು ಉಂಡು ದೇಹ ಉಳಿಸಿಕೊಂಡವನಿಗೆ ದೋಷವಿಲ್ಲ. ತಿರುಗಿ ಬಂದವನನ್ನು ಯಾರೂ ಪಂಕ್ತಿಯಿಂದ ಎಬ್ಬಿಸಬಾರದು. ಕೆಳಗೆ ಹೆಸರು, ಗೋತ್ರ, ಊರು. ಕೊನೆಗೆ "ಪಂಢರೀ, ಉಣ್ಣಪ್ಪಾ" ಎಂದು ಸೇರಿಸಿದೆ. ಸ್ವಂತದ ಮಾತನ್ನು ಕಳಿಸಲು ಬರುವುದಿಲ್ಲವೆಂದು ಸಾಹೇಬರು ಆ ಒಂದು ಸಾಲನ್ನು ಹೊಡೆದುಹಾಕಿದರು. ಹೆಸರು ಮಾತ್ರ ಹೋಗುತ್ತದೆಂದರು.

ಮನೆಗೆ ಬಂದು ಹೇಳಿದೆ. ನರ್ಮದಾ ಕಾಲಿಗೆ ನಮಸ್ಕಾರ ಮಾಡಿದಳು.

೧೯೧೬ ಏಪ್ರಿಲ್ ೧೨, ಬುಧವಾರ

ನಿನ್ನೆ ರಾಮನವಮಿ. ಮಠದಿಂದ ಊಟಕ್ಕೆ ಕರೆ ಬರಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ. ಮಾರ್ತಾಂಡನೂ ಹೋಗಲಿಲ್ಲವೆಂದು ಆಮೇಲೆ ತಿಳಿಯಿತು. ಅವನು ಮಧ್ಯಾಹ್ನ ನಮ್ಮ ಮನೆಗೆ ಬಂದು, "ಕೋಸಂಬರಿ ಅದನ?" ಎಂದು ಕೇಳಿ ನನ್ನ ಪಕ್ಕದಲ್ಲಿಯೇ ಕುಳಿತು ಉಂಡ.

೧೯೧೬ ಮೇ ೨, ಮಂಗಳವಾರ

ಕುತ್ ಬಿತ್ತು. ಶನಿವಾರ ಶರಣಾದರಂತೆ. ಎಲ್ಲರೂ ಸೆರೆಯಾಳುಗಳು.

ವಾಡೆಯ ನಲ್ಲಿಯ ಹತ್ತಿರ ಹೆಂಗಸರು ಮಾತು ನಿಲ್ಲಿಸಿ ನಮ್ಮ ಬಾಗಿಲ ಕಡೆ ನೋಡುತ್ತಿದ್ದಾರೆ. ಇವಳು ಬೆಳಗಿನಿಂದ ಅಕ್ಕಿ ಆರಿಸುತ್ತಿದ್ದಾಳೆ, ಆರಿಸಿದ್ದನ್ನೇ ಮತ್ತೆ ಆರಿಸುತ್ತಿದ್ದಾಳೆ. ಶರಣಾಗತಿ ಅಪಮಾನವೆಂದು ಪತ್ರಿಕೆ ಬರೆದಿದೆ. ಮೂರು ತಿಂಗಳು ಮೊದಲೇ ಆಗಬಾರದಾಗಿತ್ತೇ ಎಂದು ನನಗೆ ಅನಿಸಿತು.

೧೯೧೬ ಜೂನ್ ೧೮, ಭಾನುವಾರ

ಕುತ್ತಿನಿಂದ ಬಿಡುಗಡೆಯಾದ ರೋಗಿಗಳ ಒಂದು ತಂಡ ಲಷ್ಕರದ ಆಸ್ಪತ್ರೆಗೆ ಬಂದಿದೆ. ಅವರಲ್ಲಿ ಕನ್ನಡ ಮಾತಾಡುವವನೊಬ್ಬ ಇದ್ದಾನೆಂದು ಕ್ಯಾಪ್ಟನ್ ಸಾಹೇಬರೇ ಚೀಟಿ ಕಳಿಸಿದರು. ಅವರ ತಮ್ಮನ ಸುದ್ದಿ ಅವರಿಗಿನ್ನೂ ಬಂದಿಲ್ಲ.

ಅವನ ಹೆಸರು ಗೂಳಪ್ಪ. ಬೈಲಹೊಂಗಲ ಕಡೆಯವನು. ಹೇಸರಗತ್ತೆ ಹೊಡೆಯುವ ಕೆಲಸ, ರೇಶನ್ ಮೂಟೆಗಳನ್ನು ಹೊತ್ತು ತರುವುದು. ಪಂಢರಿಯ ಕೈಕೆಳಗೇ ಇದ್ದವನು. ವಸಡು ಕೊಳೆತು ಮುಂದಿನ ಹಲ್ಲು ಹೋಗಿವೆ, ಇಪ್ಪತ್ತೈದರ ಹುಡುಗ ಐವತ್ತರವನಂತೆ ಕಾಣುತ್ತಾನೆ. ನಾನು ಯಾರೆಂದು ಹೇಳಿದ ಕೂಡಲೇ ಏಳಲು ಹೋದ. ಮಲಗಿಸಿದೆ.

"ಕಾರಕೂನ್ರು ಜೀವಂತ ಅದಾರ್ರಿ. ನಾ ಕಡೀಕ ನೋಡಿದಾಗ ಇದ್ರು," ಎಂದ ಮೊದಲು. ಅದನ್ನು ಹೇಳಿದ್ದಕ್ಕೆ ಅವನಿಗೆ ದೇವರು ಒಳ್ಳೆಯದು ಮಾಡಲಿ.

ಆಮೇಲೆ ತಾನಾಗಿಯೇ ಹೇಳತೊಡಗಿದ.

"ಕಾರಕೂನ್ರು ಹುಲ್ಲು ಕುದಿಸಿ ಉಣತಿದ್ರಿ. ನದೀ ದಂಡಿಮ್ಯಾಲೆ ಒಂದ ನಮೂನಿ ಸೊಪ್ಪು ಇತ್ತು, ಅದನ್ನ. ಹಿಟ್ಟು ಒಂದ ಮುಷ್ಟಿಗೆ ಬಂದಿತ್ತು. ನನ್ನ ಕಡೆ ಎರಡ ಹೇಸರಗತ್ತಿ ಇದ್ದೂರಿ. ಕೊಯ್ಯೂ ಮುಂದ ನಾನಽ ಹಗ್ಗಾ ಹಿಡದೀನಿ. ಹಿಡದೀನಿ, ಆದ್ರ ತಿನ್ನಲಿಲ್ಲ. ಊರಾಗ ಅವ್ವಗ ಹೆಂಗ ಮಾರಿ ತೋರಸೂದು ಅಂತ."

"ಆಮೇಲೆ?"

"ಆಮ್ಯಾಲ ತಾರ ಬಂತ್ರಿ. ಕಾರಕೂನ್ರು ನಮ್ಮನ್ನೆಲ್ಲಾ ಕುಂಡರಿಸಿ ಓದಿ ಹೇಳಿದ್ರು, ಮೊದಲ ಮರಾಠ್ಯಾಗ, ಆಮ್ಯಾಲ ಕನ್ನಡದಾಗ. ಉಣ್ಣಬಹುದು ಅಂತ ಹೇಳಿದ ಶಾಸ್ತ್ರ್ಯಾರ ಹೆಸರು ಓದಕೋತ ಓದಕೋತ ಒಂದ ಕಡೆ ನಿಂತ್ರು. 'ಇವರು ನಮ್ಮಪ್ಪ' ಅಂದ್ರು. ಎಲ್ಲಾರಕಿಂತ ಮೊದಲ ತಾವಽ ತಗೊಂಡು ಬಾಯಾಗ ಹಾಕ್ಕೊಂಡ್ರಿ. ಹೊಟ್ಟಿ ತಡೀಲಿಲ್ಲ, ಹೊರಗ ಬಂತು. ಬಾಯಿ ತೊಳಕೊಂಡು ಮತ್ತ ತಗೊಂಡ್ರು. ಅವರು ತಗೊಂಡಿದ್ದು ನೋಡಿ ನಾವೂ ತಗೊಂಡಿವಿ."

ಅವನು ನನ್ನ ಕೈ ಹಿಡಿದುಕೊಂಡ. "ನಿಮ್ಮಿಂದ ಜೀವ ಉಳೀತ್ರಿ ಯಪ್ಪಾ. ಒಂದ ಮಾತು, ತಪ್ಪ ತಿಳೀಬ್ಯಾಡ್ರಿ. ಆ ತಾರ ಇನ್ನೂ ಹದಿನೈದ ಇಪ್ಪತ್ತ ದಿವಸ ಮೊದಲ ಬಂದಿದ್ರ ನಮ್ಮ ತುಕಡ್ಯಾಗ ಹನ್ನೊಂದ ಮಂದಿ ಉಳೀತಿದ್ರು. ಅವರು ಮುಟ್ಟಲಿಲ್ಲ. ಹಂಗಽ ಹ್ವಾದ್ರು. ದೂರದ ದಾರಿ, ತಾರ ಬರಾಕ ತಡಾ ಆತೋ ಏನೋ."

ಶರಣಾದ ಮೇಲೆ ತುರ್ಕರು ನಡೆಯಲಾರದವರನ್ನು ಹಡಗಿಗೆ ಹಾಕಿ ನಮ್ಮ ಕಡೆ ಕಳಿಸಿ, ನಡೆಯಬಲ್ಲವರನ್ನು ಉತ್ತರಕ್ಕೆ ಹೊಡೆದುಕೊಂಡು ಹೋದರಂತೆ. ಪಂಢರಿ ನಡೆದು ಹೋದ. ಕಾಲಿಗೆ ಗೋಣಿತಟ್ಟು ಸುತ್ತಿಕೊಂಡಿದ್ದ.

ಗೂಳಪ್ಪ ನೀರು ಕೇಳಿದ. ಅವನ ಹಿತ್ತಾಳೆ ಲೋಟದಲ್ಲಿ ನಾನೇ ಹಿಡಿದು ಕುಡಿಸಿದೆ.

೧೯೧೬ ಜೂನ್ ೨೦, ಮಂಗಳವಾರ

ಮಾರ್ಚ್ ಹನ್ನೊಂದರಿಂದ ಏಪ್ರಿಲ್ ಆರರವರೆಗೆ ಇಪ್ಪತ್ತಾರು ದಿನ. ಬೆರಳು ಮಡಿಸಿ ಎಣಿಸಿದೆ, ಪಂಚಾಂಗ ನೋಡಿ ಎಣಿಸಿದೆ. ತಡವಾದದ್ದು ದೂರದ ದಾರಿಯಿಂದಲ್ಲ. ಗೂಳಪ್ಪನಿಗೆ ಹೇಳಲಿಲ್ಲ. ಮನೆಯಲ್ಲಿಯೂ ಹೇಳಿಲ್ಲ.

೧೯೧೬ ಜೂನ್ ೨೪, ಶನಿವಾರ

ಇವತ್ತು ಹೇಳಬೇಕೆಂದೇ ಆಸ್ಪತ್ರೆಗೆ ಹೋದೆ. ಗೂಳಪ್ಪನನ್ನು ಊರಿಗೆ ಕಳಿಸಿದ್ದರು. ಮಂಚದ ಮೇಲೆ ಬೇರೆಯವನಿದ್ದ.

೧೯೧೬ ಸೆಪ್ಟೆಂಬರ್ ೩೦, ಶನಿವಾರ

ಸುದ್ದಿಯಿಲ್ಲ. ಐದು ತಿಂಗಳು. ಕ್ಯಾಪ್ಟನ್ ಸಾಹೇಬರು ಆಷಾಢದಲ್ಲಿಯೇ ಬಸ್ರಾಕ್ಕೆ ಹೊರಟು ಹೋದರು. ಹೊಸ ಸಾಹೇಬರೊಬ್ಬರಿಗೆ ಪಾಠ ಹೇಳಲು ಕರೆ ಬಂದಿತ್ತು. ಕಣ್ಣು ಮಂಜಾಗಿದೆ, ಅಕ್ಷರ ಕಾಣುವುದಿಲ್ಲವೆಂದು ಹೇಳಿ ಕಳಿಸಿದೆ. ಈಗ ವಾಡೆಯ ಹೆಣ್ಣುಮಕ್ಕಳಿಗೆ ಓದು ಕಲಿಸುತ್ತೇನೆ. ನರ್ಮದಾ ಎಲ್ಲರಿಗಿಂತ ಮುಂದಿದ್ದಾಳೆ. ಇಂಗ್ಲಿಷ್ ಕಲಿಸಿರೆಂದು ಕೇಳಿದಳು. ಸೆರೆಯಾಳುಗಳಿಗೆ ಇಂಗ್ಲಿಷಿನಲ್ಲಿ ಬರೆದ ಕಾರ್ಡು ಬೇಗ ಮುಟ್ಟುತ್ತದೆಂದು ಯಾರೋ ಹೇಳಿದ್ದಾರೆ.

ಮೊಮ್ಮಗಳು ಇಂದೂ ಕಂಡ ಗಂಡಸರಿಗೆಲ್ಲ ಅಪ್ಪ ಎನ್ನುತ್ತಾಳೆ. ಟಾಂಗಾದವನಿಗೂ ಹಾಗೆಂದಳು.

೧೯೧೭ ಜನವರಿ ೨೨, ಸೋಮವಾರ

ಕಾರ್ಡು ಬಂತು. ಪಂಢರಿಯದೇ ಅಕ್ಷರ. ನರ್ಮದಾ ಅಂಚೆಯವನ ಕೈಯಿಂದ ತೆಗೆದುಕೊಂಡು ಅಂಗಳದಲ್ಲಿಯೇ ಕುಳಿತುಬಿಟ್ಟಳು. ನಾಲ್ಕು ತಿಂಗಳ ಹಿಂದೆ ಬರೆದದ್ದು, ಇಂಗ್ಲಿಷಿನಲ್ಲಿ. ಅದರ ತಾತ್ಪರ್ಯ ಹೀಗೆ:

"ನಾನು ಆರೋಗ್ಯವಾಗಿದ್ದೇನೆ. ರೈಲ್ವೆ ಹಾದಿ ಹಾಕುವಲ್ಲಿ ಕೆಲಸ. ಇಲ್ಲಿ ಉಸ್ಮಾನ್ ಎಂಬ ಮುದುಕ ಕಾವಲುಗಾರ ದಿನಾಲು ಸಂಜೆ ತನ್ನ ರೊಟ್ಟಿಯಲ್ಲಿ ನನಗೆ ಪಾಲು ಕೊಡುತ್ತಾನೆ. ಅವನ ಮಗ ಹಸನ್ ನಮ್ಮವರ ಸೆರೆಯಲ್ಲಿದ್ದಾನೆ. ಅವನಿಂದ ಬಂದ ಕಾರ್ಡಿನ ಮೇಲೆ ಇಂಗ್ಲಿಷಿನಲ್ಲಿದ್ದ ಊರ ಹೆಸರು ಓದಲು ಬರದೆ ನನಗೆ ತೋರಿಸಿದ. ಬಳ್ಳಾರಿ ಎಂದಿತ್ತು. ಅದು ನನ್ನ ಮಾತಿನವರ ಊರೆಂದು ಹೇಳಿದೆ. ಅಲ್ಲಿ ಹುಡುಗನಿಗೆ ಯಾರಾದರೂ ಏನಾದರೂ ಕೊಡುವರೇ ಎಂದು ಕೇಳುತ್ತಾನೆ. ಅವ್ವನನ್ನು ಕೇಳಿರಿ."

ಇವಳು ನನ್ನಿಂದ ಮೂರು ಸಲ ಓದಿಸಿದಳು. "ಬಳ್ಳಾರಿ ಅಂದ್ರ ನಮ್ಮ ಬಳ್ಳಾರಿನೇ ಏನ್ರಿ?"

ಹೌದೆಂದೆ. ತುರ್ಕೀ ಕೈದಿಗಳನ್ನು ಅಲ್ಲಿಯೂ ಇಟ್ಟಿದ್ದಾರೆಂದು ಪತ್ರಿಕೆಯಲ್ಲಿ ಓದಿದ್ದೆ.

"ಮತ್ತ ಯಾವಾಗ ಹೋಗತೀರಿ?" ಎಂದಳು.

ಕ್ಯಾಂಪಿನ ಅಧಿಕಾರಿಗೆ ಇವತ್ತೇ ಅರ್ಜಿ ಬರೆದೆ.

೧೯೧೭ ಮಾರ್ಚ್ ೧೩, ಮಂಗಳವಾರ

ಅರ್ಜಿಗೆ ಉತ್ತರ ಬಂತು. ಭೇಟಿಗೆ ಅವಕಾಶವಿಲ್ಲ. ತಿನಿಸನ್ನು ಗೇಟಿನಲ್ಲಿ ಕೊಡಬಹುದು, ಅಲ್ಲಿ ಬಿಚ್ಚಿ ನೋಡುತ್ತಾರೆ.

ಸ್ಟೇಷನ್ನಿಗೆ ಹೋಗಿ ಗಾಡಿಯ ವೇಳೆ ವಿಚಾರಿಸಬೇಕಿತ್ತು. ದಾರಿಯಲ್ಲಿ ಜನವೋ ಜನ. ಇಂಗ್ಲಿಷರು ಬಗದಾದ ಹಿಡಿದರಂತೆ, ಲಷ್ಕರದಲ್ಲಿ ತೋಪು ಹಾರಿಸಿದರು, ಸಾಲೆಗಳಿಗೆ ಬಿಡುವು. ಟಾಂಗಾ ಸಿಗದೆ ನಡೆದೇ ಹೋದೆ. ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಬೇಕು, ಗದಗದ ಮೇಲೆ ಬಳ್ಳಾರಿ.

ಬಗದಾದ ತುರ್ಕರ ಕೈಬಿಟ್ಟ ಮೇಲೆ ಕೈದಿಗಳನ್ನು ಇನ್ನೂ ದೂರಕ್ಕೆ ಎಳೆದೊಯ್ಯುವರೇನೋ ಎಂದು ನರ್ಮದಾ ಕೇಳಿದಳು. ಎಳೆದೊಯ್ದರೆ ಆ ಮುದುಕನೂ ಜೊತೆಗೆ ಹೋಗಬೇಕು. ಅವನನ್ನು ಕಾವಲಿನಿಂದ ತೆಗೆಯದಿದ್ದರೆ ಸಾಕು. ಸಂಜೆ ಜಯೋತ್ಸವದ ಸಭೆಯಲ್ಲಿ ಆಶೀರ್ವಚನ ಹೇಳಲು ಇಬ್ಬರು ಕರೆಯಲು ಬಂದರು. ಉಂಡಿ ಕಟ್ಟುವುದರಲ್ಲಿ ಇವಳಿಗೆ ನೆರವಾಗುತ್ತಿದ್ದೆ, ಕೈ ಜಿಡ್ಡಾಗಿತ್ತು. ಬರಲಾಗುವುದಿಲ್ಲವೆಂದೆ.

೧೯೧೭ ಮಾರ್ಚ್ ೨೧, ಬುಧವಾರ. ಬಳ್ಳಾರಿ, ರೈಲ್ವೆ ಸ್ಟೇಷನ್

ನಾಲ್ಕು ಗಂಟೆಯ ಗಾಡಿಗೆ ಇನ್ನೂ ಹೊತ್ತಿದೆ. ಇಲ್ಲಿ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಎಂಟಕ್ಕೇ ಕ್ಯಾಂಪಿನ ಗೇಟಿನಲ್ಲಿದ್ದೆ. ಸುತ್ತಲೂ ಮುಳ್ಳುತಂತಿ, ಒಳಗೆ ಉದ್ದುದ್ದ ಚಪ್ಪರಗಳು. ಗೇಟಿನ ಕಾರಕೂನ ಕಾಂತಪ್ಪನೆಂಬವನು ಆ ಊರಿನವನೇ. ಉಂಡಿಯ ಡಬ್ಬಿ ಬಿಚ್ಚಿ ನೋಡಿದ, ವಹಿ ತೆಗೆದ.

"ಈ ಕೈದಿಗೆ ನೀವು ಏನಾಗಬೇಕ್ರಿ? ಇಲ್ಲಿ ಸಂಬಂಧ ಬರೀಬೇಕು."

"ಸಂಬಂಧ ಇಲ್ಲ."

"ಇಲ್ಲದಿದ್ದರ ತಗೊಳ್ಳಾಕ ಬರಂಗಿಲ್ರಿ. ಏನಾರ ಒಂದು ಹೇಳ್ರಿ."

"ಇವನಪ್ಪ ನನ್ನ ಮಗನ ಹತ್ತರ ಇದ್ದಾನ," ಎಂದೆ.

ಅವನಿಗೆ ತಿಳಿಯಲಿಲ್ಲ. ಕಾರ್ಡು ತೋರಿಸಿ ಎಲ್ಲ ಹೇಳಿದೆ. ಅವನು ಲೇಖನಿ ಕೆಳಗಿಟ್ಟ. ಏನನ್ನೂ ಬರೆಯದೆ ಎದ್ದು, ಡಬ್ಬಿಯನ್ನು ಕೈದಿಯ ಎದುರಿಗೇ ಕೊಡಬೇಕೆಂದು ನಿಯಮವಿದೆ ಎಂದು ಗೋರಾ ಸಾರ್ಜಂಟನಿಗೆ ಇಂಗ್ಲಿಷಿನಲ್ಲಿ ಹೇಳಿದ. ಅಂಥ ನಿಯಮವಿಲ್ಲವೆಂದು ಆಮೇಲೆ ನನಗೆ ತಾನೇ ಹೇಳಿದ.

ಹಸನ್‌ನನ್ನು ತಂತಿಯ ಹತ್ತಿರ ಕರೆತಂದರು. ಇಪ್ಪತ್ತು ವರ್ಷವಿದ್ದಾನು. ಉದ್ದನೆಯ ಕತ್ತು, ದೊಡ್ಡ ಕಿವಿ, ಅಂಗಿ ಅವನ ಮೇಲೆ ನೇತುಹಾಕಿದಂತಿತ್ತು. ನಾನು ಯಾರೋ ಅಧಿಕಾರಿಯೆಂದು ತಿಳಿದು ನೆಟ್ಟಗೆ ನಿಂತ. ನನಗೆ ಅವನ ಭಾಷೆ ಬಾರದು. "ಉಸ್ಮಾನ್," ಎಂದೆ. ಅವನು ಕಣ್ಣು ಕಿರಿದು ಮಾಡಿದ. ಮತ್ತೆ "ಉಸ್ಮಾನ್" ಎಂದು, ಗಡ್ಡ ನೀವಿ ತೋರಿಸಿ, ರೊಟ್ಟಿ ಮುರಿದು ಅರ್ಧ ಪಕ್ಕದವನಿಗೆ ಕೊಡುವಂತೆ ಕೈ ಮಾಡಿದೆ. ನಲವತ್ತು ವರ್ಷ ವ್ಯಾಕರಣ ಹೇಳಿದವನಿಗೆ ಬೇರೆ ದಾರಿ ತೋಚಲಿಲ್ಲ.

"ಬಾಬಾ?" ಎಂದ ಅವನು.

ಹೌದೆಂದು ತಲೆಯಾಡಿಸಿದೆ.

ಅವನು ತಂತಿಯನ್ನು ಎರಡೂ ಕೈಯಿಂದ ಹಿಡಿದು ಏನೇನೋ ಕೇಳತೊಡಗಿದ. ಒಂದು ಮಾತೂ ತಿಳಿಯಲಿಲ್ಲ, ಕೇಳುತ್ತಿದ್ದುದು ಏನೆಂದು ಮಾತ್ರ ಚೆನ್ನಾಗಿ ತಿಳಿಯಿತು. ಕಾಂತಪ್ಪ ಡಬ್ಬಿ ಕೊಟ್ಟ. ಹಸನ್ ಒಂದು ಉಂಡಿ ಅಲ್ಲಿಯೇ ತಿಂದ, ಬಹಳ ನಿಧಾನವಾಗಿ. ಇನ್ನೊಂದನ್ನು ತಂತಿಯ ನಡುವಿನಿಂದ ನನ್ನ ಕಡೆ ಚಾಚಿದ. ತೆಗೆದುಕೊಂಡು ತಿಂದೆ. ಅವನು ನಕ್ಕ. ನಗುತ್ತಲೇ ಕೆಮ್ಮು ಬಂತು. ತಿರುಗಿ ನಿಂತು ಬಗ್ಗಿ ಕೆಮ್ಮಿದ, ಬಹಳ ಹೊತ್ತು. ಬಾಯಿಗೆ ಒತ್ತಿದ ಬಟ್ಟೆಯನ್ನು ನನಗೆ ಕಾಣದಂತೆ ಮಡಿಸಿಕೊಂಡ.

"ಎರಡ ತಿಂಗಳಾತ್ರಿ ಹಿಂಗ," ಎಂದ ಕಾಂತಪ್ಪ ಮೆಲ್ಲಗೆ. "ಡಾಕ್ಟರು ನೋಡ್ಯಾರ."

ಸ್ಟೇಷನ್ನಿನ ದಾರಿಯಲ್ಲಿ ಜೇನುತುಪ್ಪ, ಜ್ಯೇಷ್ಠಮಧು, ಹಿಪ್ಪಲಿ ಕೊಂಡು ಕಾಂತಪ್ಪನ ಮನೆಗೆ ಮುಟ್ಟಿಸಿ ಬಂದೆ. ಹೇಗೆ ಕೊಡಬೇಕೆಂದು ಅವನ ಹೆಂಡತಿಗೆ ಎರಡು ಸಲ ಹೇಳಿದೆ. ಇನ್ನೊಂದು ತಿಂಗಳಿಗೆ ಮತ್ತೆ ಬರುತ್ತೇನೆಂದಿದ್ದೇನೆ.

ಈಗ ಪಂಢರಿಗೆ ಕಾರ್ಡು ಬರೆದು ಮುಗಿಸಿದೆ. "ಹಸನ್‌ನನ್ನು ಕಂಡೆ. ಆರೋಗ್ಯವಾಗಿದ್ದಾನೆ. ಅವ್ವನ ಉಂಡಿ ತಿಂದು ನಕ್ಕ. ಅವನಪ್ಪನಿಗೆ ಹೇಳು." ಕೆಮ್ಮಿನ ಮಾತು ಬರೆಯಲಿಲ್ಲ. ಅಷ್ಟು ದೂರದಲ್ಲಿರುವ ಮುದುಕನಿಗೆ ಅದನ್ನು ಹೇಳಿ ಏನು ಮಾಡುವುದು.

ಕಾರ್ಡನ್ನು ಪೆಟ್ಟಿಗೆಗೆ ಹಾಕಿ ಬಂದು ಕುಳಿತ ಮೇಲೆ, ಅಂಗಿಯ ಕಿಸೆಯಿಂದ ಪಂಢರಿಯ ಕಾರ್ಡು ತೆಗೆದು ಇನ್ನೊಮ್ಮೆ ಓದಿದೆ. ಆರೋಗ್ಯವಾಗಿದ್ದೇನೆ ಎಂದು ಬರೆದಿದ್ದಾನೆ.